ಮಗ ಆರು ಸಲ ಕೌನ್ಸೆಲಿಂಗಿಗೆ ಹೋಗಿದ್ದ, ಎನ್‌ಡಿಎ ಮೆಡಿಕಲ್‌ನಲ್ಲಿ ತೊಂದರೆ ಆಗ್ತದಾ?

ಮಕ್ಕಂದೂರು_ಅಮ್ಮ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಾಜಿ ಸೈನಿಕರು ತುಂಬ ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಾ ಇದ್ದೇನೆ. ಹೆಸರು ಹಾಕ್ತಿಲ್ಲ, ಕ್ಷಮಿಸಿ. ನಮ್ಮೂರಲ್ಲಿ ಹೆಸರು ಹಾಕಿದ್ರೆ ಮರುದಿನ ಸಂತೆಯಲ್ಲಿ ನಾಲ್ಕು ಜನ ಬಂದು ಕೇಳ್ತಾರೆ.

ಮಗನಿಗೆ 17. ಎರಡನೇ ಪಿಯು, ಮೈಸೂರಲ್ಲಿ ಹಾಸ್ಟೆಲ್. ಸೇನೆಯ ಅಧಿಕಾರಿ ಆಗೋಕೆ ಬರೆಯೋ ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾಗಿದೆ, ಅಧಿಕಾರಿಗಳನ್ನು ಆರಿಸೋ ಮಂಡಳಿ ಎಸ್‌ಎಸ್‌ಬಿಗೆ ಕರೆ ಬರಬೇಕು. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಒಂದು ವಾರದಿಂದ ನಿದ್ದೆ ಇಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿ ನಮ್ಮ ಮನೆ ಹೋಯಿತು. ಮಗನಿಗೆ ಆಗ ಹತ್ತು ವರ್ಷ. ಮಿಲಿಟರಿಯವರು ಹಗ್ಗ ಕಟ್ಟಿ ನಮ್ಮನ್ನು ದಾಟಿಸಿದ್ರು. ಹಿಂದಿ ಬಿಟ್ಟು ಬೇರೇನೂ ಬಾರದ ಒಬ್ಬ ಜವಾನ ಇವನನ್ನು ಬೆನ್ನ ಮೇಲೆ ಹೊತ್ತುಕೊಂಡು ರಸ್ತೆ ತನಕ ತಂದುಬಿಟ್ಟ. ಅವತ್ತಿಂದ ಇವನ ಬಾಯಲ್ಲಿ ಆರ್ಮಿ ಬಿಟ್ಟು ಬೇರೆ ಮಾತಿಲ್ಲ. ಪರಿಹಾರ ಕೇಂದ್ರದಲ್ಲಿ ಯಾರೋ ಬಂದು ಮಕ್ಕಳನ್ನು ಕೂರಿಸಿ ಚಿತ್ರ ಬರೆಸ್ತಿದ್ರು, ಮಾತಾಡಿಸ್ತಿದ್ರು. ಎರಡು ಮೂರು ತಿಂಗಳು ಇವನು ರಾತ್ರಿ ಬೆಚ್ಚಿ ಎದ್ದು ಕೂರ್ತಿದ್ದ. ಆಮೇಲೆ ನಿಂತಿತು.

ಹೋದ ವರ್ಷ, 2024ರ ಜುಲೈ ಕೊನೆಗೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ವಿಡಿಯೋ ಎಲ್ಲರ ಮೊಬೈಲಿಗೂ ಬಂತಲ್ಲ, ಆಗ ಮತ್ತೆ ಶುರುವಾಯಿತು. ಹಾಸ್ಟೆಲಲ್ಲಿ ಮಳೆ ಶಬ್ದಕ್ಕೆ ನಿದ್ದೆ ಇಲ್ಲ, ಕ್ಲಾಸಲ್ಲಿ ಗಮನ ಇಲ್ಲ. ವಾರ್ಡನ್ ಕಾಲೇಜಿನ ಕೌನ್ಸೆಲರ್ ಹತ್ತಿರ ಕಳಿಸಿದ್ರು. ಆಗಸ್ಟ್, ಸೆಪ್ಟೆಂಬರ್ ಸೇರಿ ಆರು ಸಲ ಹೋದ. ಮಾತ್ರೆ ಇಲ್ಲ, ಡಾಕ್ಟರ್ ಇಲ್ಲ. ಈ ಮಳೆಗಾಲ ಪೂರ್ತಿ ಚೆನ್ನಾಗಿ ಮಲಗಿದ್ದಾನೆ, ಅದು ಹಾಸ್ಟೆಲ್ ಹುಡುಗರೇ ಹೇಳಿದ್ದು.

ಇದು ಮೆಡಿಕಲ್‌ನಲ್ಲಿ ಗೊತ್ತಾದ್ರೆ ತೆಗೆದುಹಾಕ್ತಾರಾ? ಹೇಳಬೇಕಾ, ಬೇಡ್ವಾ? ಇವರು "ಬಾಯಿ ಮುಚ್ಕೊಂಡಿರಿ" ಅಂತಾರೆ. ಮಗ ಹೇಳ್ತೇನೆ ಅಂತಾನೆ. ನಾನು ಮಧ್ಯೆ.

ಎಸ್‌ಎಸ್‌ಬಿ_ಮೂರನೇ_ಸಲ · ಸೋಮವಾರ, ರಾತ್ರಿ 9:58

ಆಂಟಿ, ಹೇಳಲೇಬೇಡಿ. ಕಾಲೇಜಿನ ಕೌನ್ಸೆಲಿಂಗ್ ಯಾವ ದಾಖಲೆಯಲ್ಲೂ ಬರಲ್ಲ. ನಾನು ಮೂರು ಸಲ ಎಸ್‌ಎಸ್‌ಬಿಗೆ ಹೋದವನು, ಎರಡು ಸಲ ಬೆಂಗಳೂರು, ಒಂದು ಸಲ ಮೈಸೂರು ಏರ್‌ಫೋರ್ಸ್ ಬೋರ್ಡ್. ಒಬ್ಬರೂ ಕೇಳಿಲ್ಲ.

ತೋಟದ_ಮಾವ · ಸೋಮವಾರ, ರಾತ್ರಿ 10:15

ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಊರಿನ ಹುಡುಗರು ಮಳೆ ಶಬ್ದಕ್ಕೆ ಕೌನ್ಸೆಲಿಂಗ್ ತಗೊಳ್ತಾರಾ? ನಮ್ಮ ಕಾಲದಲ್ಲಿ ಇಂಥದ್ದಕ್ಕೆಲ್ಲ ತೋಟದ ಕೆಲಸ ಕೊಡ್ತಿದ್ರು. ಗುಂಡಿ ತೆಗೆದು ಬಂದವನಿಗೆ ರಾತ್ರಿ ನಿದ್ದೆ ಬರದೆ ಎಲ್ಲಿಗೆ ಹೋಗ್ತದೆ?

ಜೋಡುಪಾಲದಿಂದ · ಸೋಮವಾರ, ರಾತ್ರಿ 10:31

ಮಾವ, 2018ರಲ್ಲಿ ನೀವು ಎಲ್ಲಿದ್ರಿ? ತೋಟ ಇದ್ದವರಿಗೆ ತೋಟದ ಕೆಲಸ. ನಮಗೆ ತೋಟವೇ ಕೆಳಗೆ ಹೋಯಿತು. ಆ ಶಬ್ದ ಕೇಳಿದವರಿಗೆ ಗೊತ್ತು. ಮೊದಲು ಗುಡುಗು ಅಂದ್ಕೊಂಡೆವು, ಆಮೇಲೆ ನೋಡಿದ್ರೆ ಗುಡ್ಡ. ನನಗೆ 52 ವರ್ಷ. ಈಗಲೂ ಆಗಸ್ಟ್ ಬಂದ್ರೆ ಬೂಟು ಬಾಗಿಲ ಹತ್ತಿರವೇ ಇಟ್ಟು ಮಲಗ್ತೇನೆ.

ಅಕ್ಕ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಹುಡುಗನಿಗೆ ಒಳ್ಳೆಯದಾಗಲಿ ಅಂತ ಹೇಳೋಣ ಅಂತ ಬಂದೆ.

ತೋಟದ_ಮಾವ · ಸೋಮವಾರ, ರಾತ್ರಿ 10:50

ತಪ್ಪಾಯಿತು ಮಾರಾಯ. ಬಾಯಿಗೆ ಬಂತು ಅಂತ ಬರೆದುಬಿಟ್ಟೆ. ನಾನು ಪೊನ್ನಂಪೇಟೆ ಕಡೆಯವನು, ಆ ವರ್ಷ ನಮ್ಮ ಕಡೆ ಅಷ್ಟು ಆಗಿರಲಿಲ್ಲ.

ಎಎಂಸಿ_ನಿವೃತ್ತ · ಮಂಗಳವಾರ, ಬೆಳಿಗ್ಗೆ 6:20

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಮೆಡಿಕಲ್ ಬೋರ್ಡಿನ ಫೈಲು ಹೊತ್ತು ತಿರುಗಿದ್ದು ಬಹಳ ವರ್ಷ. ಡಾಕ್ಟರ್ ಅಲ್ಲ, ಅದು ನೆನಪಿರಲಿ. ಆದರೆ ಏನು ನಡೀತದೆ ಅಂತ ಹತ್ತಿರದಿಂದ ನೋಡಿದವನು.

ಮೊದಲು ಒಂದು ಗೊಂದಲ ಬಿಡಿಸ್ತೇನೆ ತಂಗಿ. ಎಸ್‌ಎಸ್‌ಬಿ ಬೇರೆ, ಮೆಡಿಕಲ್ ಬೇರೆ. ಎಸ್‌ಎಸ್‌ಬಿಯಲ್ಲಿ ಸೈಕಾಲಜಿಸ್ಟ್ ಇರ್ತಾರೆ ನಿಜ. ಚಿತ್ರ ನೋಡಿ ಕತೆ ಬರೆಸ್ತಾರೆ, 60 ಪದ ತೋರಿಸಿ ಒಂದೊಂದಕ್ಕೆ 15 ಸೆಕೆಂಡಲ್ಲಿ ವಾಕ್ಯ ಬರೆಸ್ತಾರೆ, 60 ಸನ್ನಿವೇಶ ಕೊಟ್ಟು ಅರ್ಧ ಗಂಟೆಯಲ್ಲಿ ನೀನಾದ್ರೆ ಏನು ಮಾಡ್ತಿ ಅಂತ ಕೇಳ್ತಾರೆ. ಅವರು ನೋಡೋದು ಹುಡುಗ ಅಧಿಕಾರಿ ಆಗೋ ಗುಣ ಇದ್ದವನಾ ಅಂತ. ಕಾಯಿಲೆ ಹುಡುಕೋದು ಅವರ ಕೆಲಸ ಅಲ್ಲ, ಆಸ್ಪತ್ರೆ ಚೀಟಿ ಅವರ ಮೇಜಿಗೆ ಬರೋದೂ ಇಲ್ಲ. ಮೇಲೆ ಬರೆದ ಹುಡುಗ "ಒಬ್ಬರೂ ಕೇಳಿಲ್ಲ" ಅಂದನಲ್ಲ, ಕೇಳೋ ಜಾಗಕ್ಕೇ ಅವನಿನ್ನೂ ಹೋಗಿಲ್ಲ.

ಎಸ್‌ಎಸ್‌ಬಿಯಲ್ಲಿ ರೆಕಮೆಂಡ್ ಆದವರಿಗೆ ಮಾತ್ರ ಮಿಲಿಟರಿ ಆಸ್ಪತ್ರೆಯಲ್ಲಿ ಸ್ಪೆಷಲ್ ಮೆಡಿಕಲ್ ಬೋರ್ಡ್. ನಮ್ಮ ಕಡೆಯವರು ಹೆಚ್ಚಾಗಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಹಾಸ್ಪಿಟಲಿಗೆ ಹೋಗ್ತಾರೆ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಹೊಟ್ಟೆ ಸ್ಕ್ಯಾನ್, ಕಣ್ಣು, ಕಿವಿ ಮೂಗು, ಹಲ್ಲು, ಮಂಡಿ, ಪಾದ. ಹಲ್ಲಿಗೂ ಅಂಕ ಉಂಟು, 14 ಬೇಕು. ನಾನು ಕಂಡ ಹಾಗೆ ಹುಡುಗರು ಹೆಚ್ಚು ಸಿಕ್ಕಿಬೀಳೋದು ಮಂಡಿ ತಾಗೋದು, ಪಾದ ಚಪ್ಪಟೆ, ಮೂಗಿನ ಮೂಳೆ ಓರೆ, ಕಿವಿಯ ಗುಗ್ಗೆ ಇಂಥದ್ದರಲ್ಲಿ. ಮನೋವೈದ್ಯರ ಹತ್ತಿರ ಎಲ್ಲರನ್ನೂ ಕಳಿಸೋದಿಲ್ಲ. ಹಿಂದಿನ ಚರಿತ್ರೆ ಇದ್ದರೆ, ಅಥವಾ ಮಾತಿನಲ್ಲಿ ಡಾಕ್ಟರಿಗೆ ಏನಾದ್ರೂ ಅನ್ನಿಸಿದ್ರೆ ಕಳಿಸ್ತಾರೆ.

ಈಗ ಕಹಿ ಮಾತು. ಎನ್‌ಡಿಎ ಅಧಿಸೂಚನೆಯ ಕೊನೆಯಲ್ಲಿ ಮೂರು ಸೇನೆಗಳ ವೈದ್ಯಕೀಯ ಮಾನದಂಡ ಇರ್ತದೆ, ಯಾರೂ ಓದೋದಿಲ್ಲ. ವಾಯುಸೇನೆಯ ಭಾಗ ಓದಿ ನೋಡಿ. ಮಾನಸಿಕ ಕಾಯಿಲೆಯ ಚರಿತ್ರೆ ಇದ್ದವರನ್ನು ಮನೋವೈದ್ಯರಿಗೆ ಕಳಿಸಬೇಕು, ಸಾಮಾನ್ಯವಾಗಿ ತೆಗೆದುಕೊಳ್ಳಬಾರದು ಅಂತ ಉಂಟು. ನಿದ್ರಾಹೀನತೆ, ದುಃಸ್ವಪ್ನ, ನಿದ್ದೆಯಲ್ಲಿ ನಡೆಯೋದು, ಹಾಸಿಗೆ ಒದ್ದೆ ಮಾಡೋದು ಮರುಕಳಿಸಿದ್ರೆ ಅಥವಾ ಮುಂದುವರಿದ್ರೆ ಅದೂ ತಿರಸ್ಕಾರಕ್ಕೆ ಕಾರಣ ಅಂತ ಉಂಟು. ಹಾಗಾಗಿ ನಿಮ್ಮ ಹುಡುಗನ ವಿಷಯದಲ್ಲಿ ನನಗೆ ಕೌನ್ಸೆಲಿಂಗ್ ಚಿಂತೆ ಅಲ್ಲ. 2018ರಲ್ಲಿ ಬಂದ ನಿದ್ದೆಯ ತೊಂದರೆ 2024ರಲ್ಲಿ ಮತ್ತೆ ಬಂತಲ್ಲ, ಆ "ಮತ್ತೆ" ಅನ್ನೋದು ಚಿಂತೆ. ಒಂದು ವರ್ಷದಿಂದ ಇಲ್ಲ ಅನ್ನೋದು ಅವನ ಪರವಾಗಿ ನಿಲ್ಲೋ ಮಾತು. ಎರಡನ್ನೂ ತೂಗೋದು ಬೋರ್ಡು. ಇಲ್ಲಿ ಕೂತು ಪಾಸು ಫೇಲು ಹೇಳಿದವನನ್ನು ನಂಬಬೇಡಿ, ನಾನೇ ಹೇಳಿದ್ರೂ.

ಮಕ್ಕಂದೂರು_ಅಮ್ಮ · ಮಂಗಳವಾರ, ಬೆಳಿಗ್ಗೆ 7:05

ಅಣ್ಣಾ, ಓದಿ ಕೈಕಾಲು ತಣ್ಣಗಾಯಿತು. ಆದರೂ ನಿಜ ಹೇಳಿದ್ರಿ, ಉಪಕಾರ. ಫಾರಂನಲ್ಲಿ ಕೌನ್ಸೆಲಿಂಗ್ ಅಂತಲೇ ಕೇಳ್ತಾರಾ?

ಎಎಂಸಿ_ನಿವೃತ್ತ · ಮಂಗಳವಾರ, ಬೆಳಿಗ್ಗೆ 7:30

ಕಾಯಿಲೆ ಬಂದಿತ್ತಾ, ಫಿಟ್ಸ್, ಮಾನಸಿಕ ಕಾಯಿಲೆ, ಆಸ್ಪತ್ರೆಗೆ ಸೇರಿದ್ದು, ಮನೆಯವರಲ್ಲಿ ಯಾರಿಗಾದ್ರೂ ಇತ್ತಾ, ಹೀಗೆ ಪ್ರಶ್ನೆ ಇರ್ತದೆ. ಕೆಳಗೆ ಹುಡುಗನ ಸಹಿ. ಡಾಕ್ಟರ್ ಬಾಯಲ್ಲೂ ಕೇಳ್ತಾರೆ. ಅಧಿಸೂಚನೆಯಲ್ಲೇ ಬರೆದಿದ್ದಾರೆ, ಇಂಥ ಚರಿತ್ರೆಯನ್ನು ಅಭ್ಯರ್ಥಿಗಳು ತಾವಾಗಿ ಹೇಳೋದಿಲ್ಲ, ನೇರವಾಗಿ ಕೇಳಿ ತಿಳ್ಕೊಳ್ಳಬೇಕು ಅಂತ. ಅಂದ್ರೆ ಹುಡುಗರು ಮುಚ್ಚಿಡ್ತಾರೆ ಅಂತ ಅವರಿಗೆ ಮೊದಲೇ ಗೊತ್ತು!

ಡಲ್ಲಾಸ್_ತಮ್ಮ · ಮಂಗಳವಾರ, ಬೆಳಿಗ್ಗೆ 8:12

ನಾನು ಗೋಣಿಕೊಪ್ಪದವನು, ಈಗ ಅಮೆರಿಕದಲ್ಲಿ. ಇಲ್ಲಿಯ ಆರ್ಮಿಗೆ ಸೇರೋಕೆ ನಮ್ಮ ಚಿಕ್ಕಪ್ಪನ ಮಗ ಅರ್ಜಿ ಹಾಕಿದಾಗ ಇದೇ ತಲೆನೋವು. ಇಲ್ಲಿ ರಕ್ಷಣಾ ಇಲಾಖೆಯ 6130.03 ಅಂತ ಒಂದು ಸೂಚನಾ ಪತ್ರ ಉಂಟು. ಖಿನ್ನತೆ, ಆತಂಕಕ್ಕೆ ಕೌನ್ಸೆಲಿಂಗ್ ಸೇರಿ ಹೊರರೋಗಿ ಚಿಕಿತ್ಸೆ ಒಟ್ಟು 12 ತಿಂಗಳು ಮೀರಿದ್ರೆ, ಅಥವಾ ಕಳೆದ 36 ತಿಂಗಳಲ್ಲಿ ಲಕ್ಷಣ ಇಲ್ಲವೇ ಚಿಕಿತ್ಸೆ ಇದ್ರೆ ಅನರ್ಹ. ಆಮೇಲೆ ವೇವರ್ ಅಂತ ವಿನಾಯಿತಿ ಕೇಳಬಹುದು. 2022ರಿಂದ ಭರ್ತಿ ಕೇಂದ್ರದವರಿಗೆ ಕಂಪ್ಯೂಟರಲ್ಲೇ ಹಳೇ ಆಸ್ಪತ್ರೆ ದಾಖಲೆ ಸಿಗ್ತದೆ. ಚಿಕ್ಕಂದಿನಲ್ಲಿ ನುಂಗಿದ ಮಾತ್ರೆ ಕೂಡ ಹೊರಗೆ ಬರ್ತದೆ. ಹಾಗಾಗಿ ಅಕ್ಕ, ಕನಿಷ್ಠ ಮೂರು ವರ್ಷ ಕಾಯೋದು ಒಳ್ಳೇದು.

ಎಎಂಸಿ_ನಿವೃತ್ತ · ಮಂಗಳವಾರ, ಬೆಳಿಗ್ಗೆ 8:25

ತಮ್ಮಾ, ಎನ್‌ಡಿಎಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಮೂರು ವರ್ಷ ಕಾದ್ರೆ ಹುಡುಗ ಗೇಟಿನ ಹೊರಗೆ. ಅಮೆರಿಕದ ಲೆಕ್ಕ ಅಮೆರಿಕಕ್ಕೆ. ನಮ್ಮಲ್ಲಿ ಇಷ್ಟು ತಿಂಗಳು ಅಂತ ಗೆರೆ ಹಾಕಿಲ್ಲ, ಬೋರ್ಡಿನ ವಿವೇಚನೆಗೆ ಬಿಟ್ಟಿದ್ದಾರೆ. ಅದು ಒಳ್ಳೇದಾ ಕೆಟ್ಟದ್ದಾ ಅಂದ್ರೆ ಬೋರ್ಡಲ್ಲಿ ಯಾರು ಕೂತಿದ್ದಾರೆ ಅನ್ನೋದರ ಮೇಲೆ.

ಇಂಟರ್‌ನೆಟ್‌ನಲ್ಲಿ ಹುಡುಕಿದ್ರೆ ಮೊದಲು ಬರೋದೇ ಅಲ್ಲಿಯ ನಿಯಮ. ನಮ್ಮ ಮಕ್ಕಳು ಅದನ್ನು ಓದಿ ಸುಮ್ಮನೆ ಹೆದರ್ತಾರೆ.

ಆಪ್ತಸಮಾಲೋಚಕಿ · ಮಂಗಳವಾರ, ಮಧ್ಯಾಹ್ನ 1:40

ಊಟದ ಹೊತ್ತಲ್ಲಿ ಬರೀತಾ ಇದ್ದೇನೆ. ನಾನೂ ಒಂದು ಕಾಲೇಜಿನಲ್ಲಿ ಇದೇ ಕೆಲಸ ಮಾಡ್ತೇನೆ (ಇವರ ಮಗನ ಕಾಲೇಜಲ್ಲ). ಕೆಲವು ಮಾತು ಸ್ಪಷ್ಟ ಮಾಡಬೇಕು ಅನ್ನಿಸ್ತು.

ಕೌನ್ಸೆಲಿಂಗ್ ಅಂದ್ರೆ ಕಾಯಿಲೆ ಅಲ್ಲ. ಕಾಲೇಜಿನ ಕೌನ್ಸೆಲರ್ ರೋಗ ಇಂಥದ್ದು ಅಂತ ಹೆಸರಿಡೋದಿಲ್ಲ, ಮಾತ್ರೆ ಬರೆಯೋದಿಲ್ಲ. ಹೆಸರಿಡೋದು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ನನ್ನ ಹತ್ತಿರ ಬರೋ ಮಕ್ಕಳಲ್ಲಿ ಪರೀಕ್ಷೆ ಭಯ, ಮನೆಯಲ್ಲಿ ಸಾವು, ಅಪ್ಪನ ಕುಡಿತ, ಪ್ರೀತಿ ಮುರಿದದ್ದು, ಇವೇ ಹೆಚ್ಚು. ನಾಲ್ಕೈದು ಸಲ ಕೂತು ಮಾತಾಡಿದ್ರೆ ದಾರಿ ಕಾಣ್ತದೆ, ಹೋಗ್ತಾರೆ. ಎಷ್ಟೋ ಮಕ್ಕಳು ಆಮೇಲೆ ಎದುರು ಸಿಕ್ಕಿದ್ರೂ ಗುರುತು ಹಿಡಿಯದ ಹಾಗೆ ಹೋಗ್ತಾರೆ, ನನಗೆ ಅದೇ ಸಂತೋಷ. ಮಾತಿಗೆ ಬಗ್ಗದಿದ್ರೆ ಮಾತ್ರ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಕಳಿಸ್ತೇವೆ. ಹಾಗೆ ಕಳಿಸಿಲ್ಲ ಅನ್ನೋದೇ ಇಲ್ಲಿ ಒಂದು ಸಾಕ್ಷಿ.

ಅಕ್ಕ, ಆ ಕೌನ್ಸೆಲರ್ ಹತ್ತಿರ ಒಂದು ಪುಟದ ಪತ್ರ ತಗೊಳ್ಳಿ. ಎಂದಿನಿಂದ ಎಂದಿನವರೆಗೆ, ಎಷ್ಟು ಸಲ, ಯಾವ ಕಾರಣಕ್ಕೆ ಬಂದ, ಔಷಧ ಇರಲಿಲ್ಲ, ಬೇರೆಡೆ ಕಳಿಸುವ ಅಗತ್ಯ ಬರಲಿಲ್ಲ, ಹೇಗಿದ್ದಾಗ ಮುಗಿಸಿದೆವು. ಇಷ್ಟೇ. ಒಳಗೆ ಆಡಿದ ಮಾತು ಒಂದೂ ಬೇಡ. "ಟ್ರಾಮಾ", "ಡಿಪ್ರೆಶನ್" ಅಂತ ದೊಡ್ಡ ಪದ ಹಾಕಿ ಬರೆದುಕೊಟ್ರೆ ತಗೊಳ್ಳಬೇಡಿ. ಯಾರೂ ನಿರ್ಣಯ ಮಾಡದ ಕಾಯಿಲೆಗೆ ಹೆಸರು ಬರೆಯೋದು ತಪ್ಪು. ನಮ್ಮವರಲ್ಲೂ ಕೆಲವರು ಭಾರಿ ಪದ ಬರೆದ್ರೆ ಭಾರಿ ಕೆಲಸ ಮಾಡಿದ ಹಾಗೆ ಅಂದ್ಕೊಂಡಿದ್ದಾರೆ.

ಇನ್ನೊಂದು, ಇದು ಬೇಸರದ ಮಾತು. ಹೋದ ತಿಂಗಳು ಒಬ್ಬ ಹುಡುಗ ಬಾಗಿಲ ತನಕ ಬಂದು ವಾಪಸ್ ಹೋದ. ಗೆಳೆಯನ ಹತ್ತಿರ ಕೇಳಿಸಿದೆ. "ಮೇಡಂ ರಿಜಿಸ್ಟರಲ್ಲಿ ಹೆಸರು ಬರೀತಾರೆ, ಆಮೇಲೆ ಅಗ್ನಿವೀರ್ ಸಿಗಲ್ಲ" ಅಂದನಂತೆ. ಅವನು ಈಗ ಕ್ಲಾಸಿಗೇ ಸರಿಯಾಗಿ ಬರ್ತಿಲ್ಲ.

ಅಗ್ನಿವೀರ್_ರಜೆಯಲ್ಲಿ · ಮಂಗಳವಾರ, ಸಂಜೆ 5:15

ಹುತ್ತರಿ ಹಬ್ಬಕ್ಕೆ ರಜೆ ಸಿಕ್ಕಿ ಬಂದಿದ್ದೇನೆ. ನಮ್ಮ ರ‍್ಯಾಲಿಯಲ್ಲಿ 1.6 ಕಿಮೀ ಓಡಿ ಉಸಿರು ಬರೋ ಮೊದಲೇ ಮೆಡಿಕಲ್ ಸಾಲು. ಡಾಕ್ಟರ್ ಫಿಟ್ಸ್ ಇತ್ತಾ, ಆಪರೇಷನ್ ಆಗಿದೆಯಾ, ಮಾತ್ರೆ ತಗೊಳ್ತೀಯಾ ಅಂತ ಕೇಳಿ ಮುಂದೆ ಕಳಿಸಿದ್ರು. ನನ್ನ ಹಿಂದಿದ್ದವನು ಕೈ ಮೇಲಿನ ಹಚ್ಚೆಗೆ ಹೋದ.

ಒಳಗೆ ಹೋದ ಮೇಲೆ ಇದರ ಬಗ್ಗೆ ಮಾತಾಡೋದು ಹೊರಗಿಗಿಂತ ಜಾಸ್ತಿ ಅಂಕಲ್. ನಮ್ಮ ಯುನಿಟ್‌ನಲ್ಲಿ ಧರ್ಮಗುರು ಸಾಹೇಬ್ರು, ಕಂಪನಿ ಕಮಾಂಡರ್ ಎಲ್ಲರೂ ಕೂರಿಸಿ ಕೇಳ್ತಾರೆ, ಮನೆಯಲ್ಲಿ ಏನು, ನಿದ್ದೆ ಬರ್ತದಾ ಅಂತ. ಗೋಡೆ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ಅಂತ ಪೋಸ್ಟರ್ ಉಂಟು.

ಎಎಂಸಿ_ನಿವೃತ್ತ · ಮಂಗಳವಾರ, ಸಂಜೆ 6:00

ಸರಿ ಹೇಳಿದೆ ಮಗಾ. ಟೆಲಿಮನಸ್ ಶುರುವಾಗಿದ್ದು 2022ರ ಅಕ್ಟೋಬರ್ 10ಕ್ಕೆ. ಸೇನೆಯವರಿಗೆ ಅಂತಲೇ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ 2023ರ ಡಿಸೆಂಬರಲ್ಲಿ ಬೇರೆ ಘಟಕ ಮಾಡಿದ್ರು. ಮತ್ತೆ ನಮ್ಮಲ್ಲಿ ಪ್ರತಿ ಸಿಪಾಯಿಗೂ ಶೇಪ್ ಅಂತ ಆರೋಗ್ಯದ ದರ್ಜೆ ಇರ್ತದಲ್ಲ, ಅದರ ಮೊದಲ ಅಕ್ಷರ ಎಸ್, ಅಂದ್ರೆ ಮನಸ್ಸು. ಆಮೇಲೆ ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು. ಮನಸ್ಸಿನ ದರ್ಜೆ ಕೆಳಗಿಳಿದು, ಚಿಕಿತ್ಸೆ ಆಗಿ, ಮತ್ತೆ ಶೇಪ್ ಒಂದಕ್ಕೆ, ಅಂದ್ರೆ ಪೂರ್ತಿ ಫಿಟ್ ದರ್ಜೆಗೆ ಬಂದು ಪೂರ್ತಿ ಸರ್ವೀಸ್ ಮುಗಿಸಿದವರನ್ನು ನಾನೇ ನೋಡಿದ್ದೇನೆ.

ತಮಾಷೆ ಏನಂದ್ರೆ, ಒಳಗೆ ಬಂದವನಿಗೆ ಈ ದಾರಿ ಇದೆ, ಬಾಗಿಲಲ್ಲಿ ನಿಂತವನಿಗೆ ಅಷ್ಟು ಇಲ್ಲ. ಒಳಗಿರೋನ ಮೇಲೆ ಸರ್ಕಾರ ಆಗಲೇ ಖರ್ಚು ಮಾಡಿದೆ. ಹೊರಗೆ ನಿಂತವನ ಹಿಂದೆ ಇನ್ನೂ ಸಾವಿರ ಜನ ಸಾಲಿನಲ್ಲಿದ್ದಾರೆ.

ಎಸ್‌ಎಸ್‌ಬಿ_ಮೂರನೇ_ಸಲ · ಮಂಗಳವಾರ, ಸಂಜೆ 6:40

ಅದನ್ನೇ ನಾನೂ ಹೇಳೋದು ಅಂಕಲ್! ಸಾವಿರ ಜನ ಸಾಲಿನಲ್ಲಿರುವಾಗ ನಾವಾಗೇ ಹೋಗಿ ನಮ್ಮ ಕಡೆ ಬೆರಳು ತೋರಿಸಿಕೊಳ್ಳೋದು ಯಾಕೆ? ಅಮೆರಿಕದ ಹಾಗೆ ಕಂಪ್ಯೂಟರಲ್ಲಿ ಒತ್ತಿದ್ರೆ ಬರೋದಿಲ್ಲ ಇಲ್ಲಿ. ಆರೋಗ್ಯ ದಾಖಲೆ ಇಡೋ ಆಯುಷ್ಮಾನ್ ಆಭಾ ಐಡಿ ಕೂಡ ನಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ತೆರೆಯಲ್ಲ. ಸತ್ಯ ಹೇಳಿ ಮನೆಗೆ ಬಂದವನನ್ನು ಯಾರು ನೆನಪಿಟ್ಟುಕೊಳ್ತಾರೆ?

ವಿರಾಜಪೇಟೆ_ವಕೀಲ · ಮಂಗಳವಾರ, ರಾತ್ರಿ 8:20

ಮೇಲಿನ ಹುಡುಗನ ಕೋಪ ಅರ್ಥ ಆಗ್ತದೆ. ಆದರೆ ಲೆಕ್ಕ ಪೂರ್ತಿ ಹಾಕಬೇಕು.

ಫಾರಂಗೆ ಹಾಕೋದು ಘೋಷಣೆಯ ಸಹಿ. ಸುಳ್ಳು ಅಂತ ಯಾವತ್ತು ಗೊತ್ತಾದ್ರೂ, ತರಬೇತಿಯ ಎರಡನೇ ವರ್ಷವೇ ಇರಲಿ, ಹತ್ತನೇ ವರ್ಷವೇ ಇರಲಿ, ಹೊರಗೆ ಹಾಕೋಕೆ ಅದೇ ಸಾಕು. ಇನ್ನೊಂದು ಪಿಂಚಣಿ. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ರೆ, ಆಮೇಲೆ ಕಾಯಿಲೆಯ ಕಾರಣಕ್ಕೆ ಸೇನೆಯಿಂದ ಹೊರಬಂದಾಗ ಆ ಕಾಯಿಲೆ ಸೇವೆಯಿಂದಲೇ ಬಂದದ್ದು ಅಂತ ಭಾವಿಸಬೇಕು, ಅಲ್ಲ ಅಂತ ತೋರಿಸೋ ಹೊಣೆ ಸರ್ಕಾರದ್ದು. ಸೈನಿಕನಿಗೆ ಅದು ದೊಡ್ಡ ರಕ್ಷಣೆ. ಮೊದಲೇ ಇದ್ದದ್ದನ್ನು ಮುಚ್ಚಿಟ್ಟ ಅಂತ ಆದ್ರೆ ಸರ್ಕಾರದ ವಕೀಲರಿಗೆ ಅದೇ ಆಯುಧ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನೂ ಜನ ಎರಡು ಕಡೆಗೂ ಎಳೀತಾರೆ. ಹಿಂದೆ ಚಿಕಿತ್ಸೆ ಪಡೆದಿದ್ದ ಅನ್ನೋ ಒಂದೇ ಕಾರಣಕ್ಕೆ ಈಗಲೂ ಕಾಯಿಲೆ ಇದೆ ಅಂತ ತೀರ್ಮಾನಿಸಬಾರದು, ಅದು 3ನೇ ಕಲಂ. ವಿವರ ಗುಟ್ಟಾಗಿಡೋ ಹಕ್ಕು 23ನೇ ಕಲಂ. ಅವು ನಿಮ್ಮ ಹಕ್ಕು, ನಿಜ. ಆದರೆ ಸೇನೆಗೆ ಫಿಟ್ ಹೌದಾ ಅಲ್ವಾ ಅನ್ನೋದು ಬೇರೆ ಪ್ರಶ್ನೆ, ಆ ಅಳತೆಗೋಲು ಸೇನೆಯದ್ದೇ. ಈ ಕಾಯ್ದೆ ಹಿಡಿದುಕೊಂಡು ಹೋಗಿ ನನ್ನನ್ನು ತಗೊಳ್ಳಲೇಬೇಕು ಅನ್ನೋಕೆ ಆಗೋದಿಲ್ಲ.

ತೋಟದ_ಮಾವ · ಮಂಗಳವಾರ, ರಾತ್ರಿ 8:45

ವಕೀಲ್ರೆ, ಒಂದು ವೇಳೆ ಅನ್‌ಫಿಟ್ ಅಂದ್ರೆ ಮುಗೀತಾ?

ಎಎಂಸಿ_ನಿವೃತ್ತ · ಮಂಗಳವಾರ, ರಾತ್ರಿ 9:02

ನಾನು ಹೇಳ್ತೇನೆ. ಮುಗಿಯೋದಿಲ್ಲ. ಅಪೀಲ್ ಮೆಡಿಕಲ್ ಬೋರ್ಡ್ ಉಂಟು, 42 ದಿನದೊಳಗೆ ಆಗಬೇಕು. ಅಲ್ಲೂ ಅನ್‌ಫಿಟ್ ಅಂದ್ರೆ ರಿವ್ಯೂ ಮೆಡಿಕಲ್ ಬೋರ್ಡ್ ಕೇಳಬಹುದು. ಆದರೆ ಅದು ಹಕ್ಕಲ್ಲ, ಮೇಲಿನವರು ಒಪ್ಪಿದ್ರೆ ಮಾತ್ರ. ಅಪೀಲಿನಲ್ಲಿ ಸಂಬಂಧಪಟ್ಟ ತಜ್ಞರೇ ನೋಡ್ತಾರೆ. ಮನಸ್ಸಿನ ವಿಷಯ ಆದ್ರೆ ಮನೋವೈದ್ಯರು ಕೂರಿಸಿ ನಿಧಾನಕ್ಕೆ ಮಾತಾಡಿಸ್ತಾರೆ. ಆ ಒಂದು ಪುಟದ ಪತ್ರ ಕೆಲಸಕ್ಕೆ ಬರೋದು ಅಲ್ಲಿ. ಪತ್ರ ಇಲ್ಲದವನು "ಆರು ಸಲ ಹೋಗಿದ್ದೆ" ಅಂದ್ರೆ ಡಾಕ್ಟರಿಗೆ ಅದು ಆರಾ ಅರವತ್ತಾ ಗೊತ್ತಾಗೋದು ಹೇಗೆ?

ತಂಗಿ, ಹುಡುಗನಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಕೇಳಿದ್ರೆ ನಾಲ್ಕು ವಾಕ್ಯ ಸಾಕು. ಏನಾಯಿತು, ಯಾವಾಗ, ಏನು ಮಾಡಿದೆ, ಈಗ ಹೇಗಿದ್ದೇನೆ. ಕಾಯಿಲೆ ಇತ್ತಾ ಅಂದ್ರೆ ಇರಲಿಲ್ಲ, ಯಾಕಂದ್ರೆ ಯಾರೂ ಹಾಗೆ ಹೇಳಿಲ್ಲ. ಅದು ಸುಳ್ಳಲ್ಲ. ನಿದ್ದೆಗೆ ತೊಂದರೆ ಇತ್ತಾ, ಯಾರ ಹತ್ತಿರ ಆದ್ರೂ ಹೋಗಿದ್ದೆಯಾ ಅಂದ್ರೆ ಇತ್ತು, ಹೋಗಿದ್ದೆ. ಕೇಳದೆ ಇರೋದನ್ನು ಕತೆ ಮಾಡೋಕೆ ಹೋಗೋದು ಬೇಡ, ಕೇಳಿದ್ದಕ್ಕೆ ಇಲ್ಲ ಅನ್ನೋದೂ ಬೇಡ.

ಎಸ್‌ಎಸ್‌ಬಿ_ಮೂರನೇ_ಸಲ · ಮಂಗಳವಾರ, ರಾತ್ರಿ 9:30

ಇದು ಒಪ್ಪಬಹುದು. ಆದರೆ ಆಂಟಿ, ಎಸ್‌ಎಸ್‌ಬಿ ಇಂಟರ್‌ವ್ಯೂನಲ್ಲಿ ಗುಡ್ಡ ಜಾರಿದ ಕತೆ ಎತ್ತೋದು ಬೇಡ ಅಂತ ನಮ್ಮ ಕೋಚಿಂಗಲ್ಲಿ ಹೇಳಿಕೊಡ್ತಾರೆ. ನೆಗೆಟಿವ್ ಅಂತೆ.

ಅಗ್ನಿವೀರ್_ರಜೆಯಲ್ಲಿ · ಮಂಗಳವಾರ, ರಾತ್ರಿ 9:41

ಮನೆ ಹೋದದ್ದು ನೆಗೆಟಿವ್, ಜವಾನ ಹೊತ್ತುಕೊಂಡು ಬಂದದ್ದು ಪಾಸಿಟಿವ್. ಯಾಕೆ ಸೇನೆಗೆ ಬರ್ತೀಯಾ ಅಂತ ಕೇಳೇ ಕೇಳ್ತಾರೆ. ಅದನ್ನು ಬಿಟ್ಟು ಗೈಡಲ್ಲಿರೋ ದೇಶಸೇವೆ ಪ್ಯಾರಾ ಒಪ್ಪಿಸಬೇಕಾ? ಯಾವ ಕೋಚಿಂಗ್ ಮಾರಾಯ ಅದು?

ಎಸ್‌ಎಸ್‌ಬಿ_ಮೂರನೇ_ಸಲ · ಮಂಗಳವಾರ, ರಾತ್ರಿ 9:44

ಮೂರು ಸಲ ಫೇಲ್ ಮಾಡಿಸಿದ ಕೋಚಿಂಗ್ 😅

ಜೋಡುಪಾಲದಿಂದ · ಬುಧವಾರ, ಬೆಳಿಗ್ಗೆ 6:50

ಆಪ್ತಸಮಾಲೋಚಕಿ ಮೇಡಂ, ನಿಮಗೊಂದು ಪ್ರಶ್ನೆ. ನನ್ನ ವಯಸ್ಸಿನವರು ಎಲ್ಲಿ ಹೋಗಬೇಕು? ಬೂಟಿನ ವಿಷಯ.

ಆಪ್ತಸಮಾಲೋಚಕಿ · ಬುಧವಾರ, ಮಧ್ಯಾಹ್ನ 1:35

ಅಣ್ಣಾ, ಮೊದಲು 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮುಖಾಮುಖಿ ಬೇಕಾದ್ರೆ ಮಡಿಕೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಉಂಟು. ಬೂಟು ಅಲ್ಲೇ ಇರಲಿ. ಅದು ನಿಮಗೆ ನಿದ್ದೆ ಕೊಡ್ತಿದ್ರೆ ನನಗೇನೂ ತಕರಾರಿಲ್ಲ.

ಮಕ್ಕಂದೂರು_ಅಮ್ಮ · ಭಾನುವಾರ, ಸಂಜೆ 7:10

ತಡವಾಗಿ ಬರೀತಾ ಇದ್ದೇನೆ, ಮನೆಯಲ್ಲಿ ಕಾಫಿ ಕೊಯ್ಲು. ಶುಕ್ರವಾರ ಮೈಸೂರಿಗೆ ಹೋಗಿ ಕೌನ್ಸೆಲರ್ ಮೇಡಂ ಹತ್ತಿರ ಪತ್ರ ತಂದೆ. ಒಂಬತ್ತು ಸಾಲು. ತಾರೀಕು, ಆರು ಭೇಟಿ, ಔಷಧ ಇಲ್ಲ, ಬೇರೆಡೆ ಕಳಿಸುವ ಅಗತ್ಯ ಬರಲಿಲ್ಲ, ಅಂತ ಉಂಟು. "ಟ್ರಾಮಾ" ಅಂತ ಮೊದಲು ಟೈಪ್ ಮಾಡಿದ್ರು, ನಾನು ಕೇಳಿದ್ದಕ್ಕೆ ತೆಗೆದು "2018ರ ಭೂಕುಸಿತದ ನೆನಪಿನಿಂದ ನಿದ್ದೆಗೆ ತೊಂದರೆ" ಅಂತ ಮಾಡಿಕೊಟ್ರು.

ಇವರು ಪತ್ರ ಓದಿ ಏನೂ ಮಾತಾಡಲಿಲ್ಲ. ಕೋವಿ ಲೈಸೆನ್ಸ್ ವಿನಾಯ್ತಿ ಪತ್ರ, ಜಮ್ಮಾ ಜಾಗದ ಕಾಗದ ಎಲ್ಲ ಇಡೋ ಪೆಟ್ಟಿಗೆಯಲ್ಲಿ ಇಟ್ರು. ಮಗನಿಗೆ ಫೋನ್ ಮಾಡಿ ಹೇಳಿದೆ. "ಅಮ್ಮ, ನಾನು ಹೇಗೂ ಹೇಳ್ತಿದ್ದೆ, ನೀವು ಸುಮ್ಮನೆ ಬಸ್ ಚಾರ್ಜ್ ಖರ್ಚು ಮಾಡಿದ್ರಿ" ಅಂದ.

ಎಸ್‌ಎಸ್‌ಬಿ ಕರೆ ಬಂದ ಮೇಲೆ ಇಲ್ಲೇ ಬರೀತೇನೆ. ಎಎಂಸಿ ಅಣ್ಣ, ಬೋರ್ಡಿಗೆ ಹೋಗೋ ಮೊದಲು ಬೇರೇನಾದ್ರೂ ಮಾಡಬೇಕಾ?

ಎಎಂಸಿ_ನಿವೃತ್ತ · ಭಾನುವಾರ, ರಾತ್ರಿ 7:55

ಪತ್ರದ ಮೂಲ ಪ್ರತಿ ಯಾರಿಗೂ ಕೊಡಬೇಡಿ, ತೋರಿಸಿ ಜೆರಾಕ್ಸ್ ಕೊಡಲಿ. ಹಲ್ಲು ಕ್ಲೀನ್ ಮಾಡಿಸಿ. ಮತ್ತೆ ಮುಖ್ಯವಾಗಿ, ಹೋಗೋ ಒಂದು ವಾರ ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಕಿವಿಯ ಗುಗ್ಗೆ ತೆಗೆಸಿ. ಬೆಂಕಿಕಡ್ಡಿ ಹಾಕೋದು ಬೇಡ.